ನಡುವೆ ನಿಂತವಳು

ನಮ್ಮ ಹುಡುಗಿಯರ ಬ್ಯಾಂಡಿನಲ್ಲಿ ಮೂವರಿದ್ದೆವು, ನಾನು ನಡುವೆ ನಿಲ್ಲುತ್ತಿದ್ದೆ. ಪೋಸ್ಟರಿನಲ್ಲೂ ನಡುವಿನ ಮುಖ ನನ್ನದೇ, ಉಳಿದಿಬ್ಬರಿಗಿಂತ ಒಂದು ಬೆರಳು ದೊಡ್ಡದು. ನೋಡಿದವರೆಲ್ಲ ಇವಳೇ ಮುಖ್ಯ ಹಾಡುಗಾರ್ತಿ ಅಂದುಕೊಳ್ಳುತ್ತಿದ್ದರು. ಮದುವೆ ಛತ್ರಗಳಲ್ಲಿ ಹಾಡಿ ಅಭ್ಯಾಸವಿದ್ದವರಿಗೆ ಮಾತ್ರ ನಿಜ ಗೊತ್ತಿತ್ತು. ಮೂವರಲ್ಲಿ ಯಾರ ದನಿ ಸೊರಗಿದೆಯೋ ಅವಳನ್ನು ನಡುವೆ ನಿಲ್ಲಿಸುವುದು ನಮ್ಮ ಕಡೆಯ ತಂಡಗಳ ರೂಢಿ. ಎರಡೂ ಪಕ್ಕದ ದನಿಗಳು ಅವಳ ತಪ್ಪನ್ನು ಮುಚ್ಚುತ್ತವೆ. ನನ್ನ ಮೈಕನ್ನಂತೂ ಸೌಂಡಿನವನು ಇಳಿಸಿಯೇ ಇಟ್ಟಿರುತ್ತಿದ್ದ. ಚೆನ್ನಾಗಿ ಕುಣಿಯುತ್ತಿದ್ದೆ, ಚೆನ್ನಾಗಿ ನಗುತ್ತಿದ್ದೆ, ಹೇಳಿಕೊಟ್ಟಷ್ಟು ಹಾಡುತ್ತಿದ್ದೆ. ನನ್ನ ಬಂಡವಾಳ ಅಷ್ಟೇ.

ನಿಜವಾಗಿ ಹಾಡುತ್ತಿದ್ದವಳು ಅಕ್ಕ. ಒಡಹುಟ್ಟಿದವಳಲ್ಲ, ನನಗಿಂತ ನಾಲ್ಕು ವರ್ಷ ದೊಡ್ಡವಳು ಅಂತ ಅಕ್ಕ. ಅವಳಪ್ಪ ಕರ್ನಾಟಕದಿಂದ ಗಡಿ ದಾಟಿ ತಮಿಳುನಾಡಿನ ಹೊಸೂರಿಗೆ, ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ನಾನು ಉದ್ದನಪಲ್ಲಿಯವಳು, ಟೊಮ್ಯಾಟೊ ಬೆಳೆಯುವ ಮನೆ. ಮೂರನೆಯವಳು ಸಾನಮಾವಿನ ಕಡೆಯ ತೆಲುಗು ಮನೆಯ ಹುಡುಗಿ. ಅವಳನ್ನು ಚಿಕ್ಕವಳು ಅನ್ನುತ್ತಿದ್ದೆವು. ಹಾಡು ಕಟ್ಟುತ್ತಿದ್ದವಳು ಅವಳು. ಆನೆ ರಸ್ತೆಗೆ ಬಂದಿದೆ ಎಂದು ಅವಳ ಬಸ್ಸು ಎಷ್ಟೋ ಸಲ ತಡವಾಗುತ್ತಿತ್ತು. ಆ ಹೊತ್ತಿನಲ್ಲಿ ಬಸ್ಸಿನಲ್ಲೇ ಕೂತು ಒಂದು ಚರಣ ಬರೆದು ತರುತ್ತಿದ್ದಳು.

ನಮ್ಮನ್ನು ಹೆಸರಿಗೆ ತಂದದ್ದು ಅವಳು ಬರೆದ ಕಂಪನಿ ಬಸ್ಸಿನ ಹಾಡು. ಬೆಳಿಗ್ಗೆ ಬಸ್ಸಿಗೆ ಕಾಯುವ ಹುಡುಗಿ ಮನೆಯವರನ್ನು ಕನ್ನಡದಲ್ಲಿ ಬೈಯುತ್ತಾಳೆ, ಗೆಳತಿಯನ್ನು ತೆಲುಗಿನಲ್ಲಿ, ಡ್ರೈವರನ್ನು ತಮಿಳಿನಲ್ಲಿ. ಮೂರೂ ಭಾಷೆಯಲ್ಲಿ ಬೈಸಿಕೊಂಡು ಬೆಳೆದ ನಮ್ಮೂರಿನವರಿಗೆ ಅದಕ್ಕಿಂತ ಇನ್ನೇನು ಬೇಕು. ಯಾರೋ ಫೋನಿನಲ್ಲಿ ಹಿಡಿದ ವೀಡಿಯೊ ಕೃಷ್ಣಗಿರಿ ದಾಟಿ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಜನ ನನ್ನನ್ನು ನಿಲ್ಲಿಸಿಕೊಂಡು ಫೋನನ್ನು ಅಕ್ಕನ ಕೈಗೆ ಕೊಟ್ಟು, “ಒಂದ್ ಫೋಟೊ ತೆಗೀಮ್ಮ” ಅನ್ನುತ್ತಿದ್ದರು. ಅವಳು ತೆಗೆದುಕೊಡುತ್ತಿದ್ದಳು. ಆಮೇಲೆ ನನ್ನನ್ನು ಚುಡಾಯಿಸುತ್ತಿದ್ದಳು. ನನಗೆ ಅದು ತಮಾಷೆಯಾಗಿಯೇ ಕಂಡಿತ್ತು, ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ರಾಯಕೋಟೆ ರಸ್ತೆಯ ಛತ್ರವೊಂದರಲ್ಲಿ ಮಧ್ಯಾಹ್ನದ ಆರತಕ್ಷತೆ. ಗಂಡಿನ ಕಡೆಯ ನೆಂಟರಲ್ಲಿ ಒಬ್ಬರು ಬೆಂಗಳೂರಿನ ಟಿವಿಯವರು. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ವೇದಿಕೆಯ ಹಿಂದಕ್ಕೆ ಬಂದರು. ವಾರಕ್ಕೊಮ್ಮೆ ಬರುವ ಹಾಡಿನ ಕಾರ್ಯಕ್ರಮ ಶುರುಮಾಡುತ್ತಿದ್ದೇವೆ, ಅದನ್ನು ನಡೆಸಿಕೊಡಲು ಹಾಡುವ ಹುಡುಗಿಯೇ ಬೇಕು ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, “ಮಧ್ಯದಲ್ಲಿ ನಿಂತಿದ್ರಲ್ಲ, ಇವರೇ ತಾನೆ ಲೀಡ್?” ಎಂದು ಅಕ್ಕನನ್ನು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಕ್ಕ, “ಹೌದು ಸಾರ್” ಅಂದುಬಿಟ್ಟಳು.

ಅವರು ಹೋದ ಮೇಲೆ, ಹಾಗ್ಯಾಕೆ ಅಂದೆ ಎಂದು ಹೌಹಾರಿ ಕೇಳಿದೆ.

“ಒಬ್ರು ಒಳಕ್ಕೋದ್ರೆ ಸಾಕು ಕಣೆ,” ಅಂದಳು. “ನೀನೋಗಿ ಬಾಗ್ಲು ತೆಗಿ. ನಾವ್ ಹಿಂದೇನೇ ಬತ್ತೀವಿ.”

ಹೇಳಲು ನನಗೆ ಒಂದು ವಾರ ಸಮಯವಿತ್ತು. ಸಾರ್, ನಿಮಗೆ ಬೇಕಾದವಳು ಎಡಗಡೆ ನಿಂತಿದ್ದಳು ಎಂದು ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಅಕ್ಕನೇ ಹೋಗು ಅಂದಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಟಿವಿಯಲ್ಲಿ ಬರಬೇಕೆಂಬ ಆಸೆ ನನ್ನ ಕುತ್ತಿಗೆಯವರೆಗೂ ಬಂದಿತ್ತು ಅನ್ನುವುದು ಅದಕ್ಕಿಂತ ದೊಡ್ಡ ನಿಜ.

ಸ್ಟುಡಿಯೋದಲ್ಲಿ ಕೀಬೋರ್ಡು ನುಡಿಸುವವರು ಹತ್ತೇ ನಿಮಿಷದಲ್ಲಿ ನನ್ನನ್ನು ಅಳೆದುಬಿಟ್ಟರು. ಪಲ್ಲವಿಯ ಅರ್ಧದಲ್ಲಿ ನಾನು ಉಸಿರು ತೆಗೆದುಕೊಳ್ಳಲು ನಿಂತೆ. ಅಲ್ಲಿಂದ ಮುಂದಕ್ಕೆ ಎತ್ತಿಕೊಳ್ಳುತ್ತಿದ್ದವಳು ಅಕ್ಕ. ಇಡೀ ಹಾಡನ್ನು ಒಬ್ಬಳೇ ನಾನು ಎಂದೂ ಹಾಡಿರಲಿಲ್ಲ. ಎರಡನೇ ಸಲವೂ ಅಲ್ಲೇ ನಿಂತೆ. ಆದರೆ ನನ್ನ ಮುಖ ಹಾಕಿ ಜಾಹೀರಾತು ಆಗಲೇ ಬಿಟ್ಟಾಗಿತ್ತು. ಟಿವಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಆಗ ನಾನೇ ಹೇಳಿದೆ, ನಮ್ಮಕ್ಕ ಒಬ್ಬಳಿದ್ದಾಳೆ, ಅವಳು ಹಾಡಲಿ, ನಾನು ತುಟಿ ಆಡಿಸುತ್ತೇನೆ, ಪರದೆಯ ಮೇಲೆ ಅವಳ ಹೆಸರು ಹಾಕಿ ಎಂದು. ಅದನ್ನು ಹೇಳುವಾಗ ಬಾಗಿಲು ತೆಗೆಯುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಅಕ್ಕ ಬಂದಳು. ಕಾರ್ಯಕ್ರಮದ ಶುರುವಿಗೆ ಬರುವ ಹಾಡನ್ನು ಒಂದೇ ಮಧ್ಯಾಹ್ನದಲ್ಲಿ ಹಾಡಿ ಮುಗಿಸಿದಳು. ಕೀಬೋರ್ಡಿನವರು ಎದ್ದು ನಿಂತು ಅವಳ ಕೈ ಕುಲುಕಿದರು. ಪರದೆಯ ಮೇಲೆ ಮಾತ್ರ ನನ್ನ ಹೆಸರೇ ಬಂತು. ಕೇಳಿದ್ದಕ್ಕೆ, “ನೋಡೋರಿಗೆ ಗೊಂದಲ ಆಗುತ್ತೆ, ಸ್ವಲ್ಪ ದಿನ ಹೋಗಲಿ” ಅಂದರು. ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಲಿಲ್ಲ.

ಇನ್ನೊಂದು ಗುಟ್ಟಿತ್ತು. ನಮ್ಮೂರಿನ ಎಷ್ಟೋ ಮಕ್ಕಳ ಹಾಗೆ ನಾನು ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತಮಿಳು ಕಲಿತವಳು. ಕನ್ನಡ ಟಿವಿಯಲ್ಲಿ ಮಾತಾಡುವ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಆಡಬೇಕೆಂದು ಟಿವಿಯವರು ಫೋನಿಗೆ ಬರೆದು ಕಳಿಸುವ ಮಾತುಗಳನ್ನು ನಾನು ಅಕ್ಕನಿಗೆ ದಾಟಿಸುತ್ತಿದ್ದೆ. ಅವಳು ಓದಿ ದನಿಯಲ್ಲಿ ಕಳಿಸುತ್ತಿದ್ದಳು, ನಾನು ತಮಿಳಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಪ್ರತಿ ಮಂಗಳವಾರ ರೆಕಾರ್ಡಿಂಗು, ವಾರವಾರದ ಹಾಡಿಗೂ ದನಿ ಅವಳದೇ. ಇಬ್ಬರೂ ಬೆಂಗಳೂರು ಬಸ್ಸು ಹತ್ತಿದರೆ ಗಡಿಯ ಅತ್ತಿಬೆಲೆ ದಾಟುತ್ತಲೇ ಪಾಠ ಶುರು. ಅಂಗಡಿಗಳ ಕನ್ನಡ ಬೋರ್ಡುಗಳನ್ನು ಓದಿಸುತ್ತಿದ್ದಳು. ತಪ್ಪಿದರೆ ತಲೆಗೆ ಮೊಟಕುತ್ತಿದ್ದಳು. “ಬತ್ತೀನಿ ಅನ್ಬೇಡ ಕಣೆ, ಬರ್ತೀನಿ ಅನ್ನು. ಟಿವಿನೋರು ನಗ್ತಾರೆ.” ಈಗ ಬರೆಯುತ್ತಿರುವ ಈ ಅಕ್ಷರಗಳೂ ಅವಳು ಕಲಿಸಿದವೇ.

ಇತ್ತ ಬ್ಯಾಂಡು ಮುರಿದುಬಿತ್ತು. ಛತ್ರದವರು, “ಟಿವಿಲಿ ಬರೋ ಹುಡ್ಗಿ ಇದ್ರೆ ಮಾತ್ರ ಬನ್ನಿ” ಅನ್ನತೊಡಗಿದರು. ನನಗೆ ಹೊರಗೆ ಹಾಡಲು ಟಿವಿಯವರ ಒಪ್ಪಿಗೆ ಇರಲಿಲ್ಲ. ದನಿ ಇದ್ದ ಇಬ್ಬರೂ ಮನೆಯಲ್ಲಿ ಕೂತರು. ಚಿಕ್ಕವಳಿಗೆ ಜವಳಗಿರಿ ಕಡೆ ಮದುವೆಯಾಯಿತು. ಅತ್ತೆ ಮನೆಯವರಿಗೆ ಹಾಡೆಂದರೆ ಆಗುವುದಿಲ್ಲ ಎಂದು ಕೇಳಿದೆ. ಹೋಗಿ ನೋಡಲಿಲ್ಲ. ಅಕ್ಕ ಮಾತ್ರ ಮಂಗಳವಾರಗಳನ್ನು ಹಿಡಿದುಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಆ ದನಿ ತನ್ನದು ಅಂತ ಒಂದು ಸಲ ನಾಲ್ಕು ಜನಕ್ಕೆ ಗೊತ್ತಾಗಬೇಕು. ಅದೊಂದಾದರೆ ಬೇರೆ ಕಡೆಯಿಂದ ಕರೆ ಬರುತ್ತದೆ, ಹಾಡಿಕೊಂಡೇ ಬದುಕಬಹುದು ಎಂಬುದು ಅವಳ ಲೆಕ್ಕ. ಅವಳು ಅದನ್ನು ಬಾಯಿಬಿಟ್ಟು ಕೇಳಿದ್ದು ಒಂದೇ ಸಲ.

ಅದು ಹಬ್ಬದ ವಿಶೇಷ ಕಾರ್ಯಕ್ರಮದ ಬೆಳಿಗ್ಗೆ. ನನ್ನನ್ನು ಕೂರಿಸಿ ಮಾತಾಡಿಸುವುದಿತ್ತು, ನೇರ ಪ್ರಸಾರ. ಆಡಿದ ಮಾತನ್ನು ಯಾರೂ ಕತ್ತರಿಸುವಂತಿರಲಿಲ್ಲ. ಅಕ್ಕ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಸೆರಗಿನ ಪಿನ್ನು ಸರಿಮಾಡಿದಳು.

“ಇವತ್ತು ಹೇಳ್ಬುಡೇ,” ಅಂದಳು. “ಅವ್ವ ಬೀದಿಯೋರ್ನೆಲ್ಲಾ ಕರ್ದವ್ಳೆ ಟಿವಿ ನೋಡಕ್ಕೆ.”

“ಹೇಳ್ತೀನಕ್ಕ,” ಅಂದೆ. ಹೇಳಬೇಕೆಂದೇ ಇದ್ದೆ. ಈ ದನಿ ನನ್ನದಲ್ಲ, ನಮ್ಮಕ್ಕನದು ಎಂಬ ಎರಡು ಮಾತನ್ನು ದಾರಿಯುದ್ದಕ್ಕೂ ಗಿಳಿಪಾಠ ಮಾಡಿಕೊಂಡು ಹೋದೆ.

ದೀಪಗಳ ಮುಂದೆ ಕೂತಾಗ ಮಾತಾಡಿಸುವಾಕೆ ನನ್ನ ಕೈ ಹಿಡಿದು, “ಇಂಥ ದನಿ ನಿಮಗೆ ಎಲ್ಲಿಂದ ಬಂತು?” ಎಂದು ಕೇಳಿದಳು. ಇದಕ್ಕಿಂತ ಸಲೀಸಾದ ಪ್ರಶ್ನೆ ಯಾರೂ ಕೇಳಲಾರರು. ಎದುರಿಗೆ ಕೂತಿದ್ದ ಜನ ಆಗಲೇ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಆ ಕೈಗಳನ್ನು ನೋಡಿದೆ.

“ನಮ್ಮಮ್ಮನಿಂದ ಬಂದಿದ್ದು,” ಅಂದೆ.

ನಮ್ಮಮ್ಮ ದನ ಕೂಗಿ ಕರೆದರೂ ದನ ಹೆದರುತ್ತವೆ, ಅಂಥ ಗಂಟಲು. ಮನೆಗೆ ಹೋದಾಗ ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. “ನನ್ಯಾಕ್ ಎಳ್ದೆ ಅದ್ರೊಳಕ್ಕೆ?” ಅಂದಳು ಅಷ್ಟೇ. ಅವತ್ತೇ ಅಕ್ಕನ ಫೋನು ಬಂತು. ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. “ನಿಮ್ಮವ್ವಂಗೆ ಹಾಡಕ್ ಬತ್ತದೆ ಅಂತ ನಂಗ್ ಗೊತ್ತೇ ಇರ್ಲಿಲ್ಲ ಕಣೆ,” ಅಂದು ಫೋನು ಇಟ್ಟಳು. ಮುಂದಿನ ಮಂಗಳವಾರ ನಾನು ಒಬ್ಬಳೇ ಬಸ್ಸು ಹತ್ತಿದೆ.

ಅವಳ ಮನೆಗೆ ಎರಡು ಸಲ ಹೋದೆ. ಒಂದು ಸಲ ಅವಳ ಅಮ್ಮ ಬಾಗಿಲಲ್ಲೇ ನೀರು ಕೊಟ್ಟು, “ಇಲ್ಲ ಕಣವ್ವ, ಡ್ಯೂಟಿಗೋಗವ್ಳೆ” ಅಂದರು. ಅಕ್ಕ ಒಂದು ಕಾರ್ಖಾನೆಯಲ್ಲಿ ವೈರು ಜೋಡಿಸುವ ಕೆಲಸಕ್ಕೆ ಸೇರಿದ್ದಳು. ಇನ್ನೊಂದು ಸಲ ಬೀಗ ಹಾಕಿತ್ತು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಫೋನನ್ನು ಗೇಟಿನಲ್ಲೇ ಇಡಬೇಕಂತೆ ಎಂದು ಸಮಾಧಾನ ಹೇಳಿಕೊಂಡೆ, ರಜದ ದಿನವೂ ಅದನ್ನೇ ಹೇಳಿಕೊಂಡೆ.

ಟಿವಿಯವರು ಬೇರೆ ಹುಡುಗಿಯನ್ನು ಕರೆಸಿ ಹಾಡಿಸಿದರು. ಅವಳ ದನಿ ನನ್ನ ಮುಖಕ್ಕೆ ಕೂರಲಿಲ್ಲ. ಕಾರ್ಯಕ್ರಮ ನೋಡಿ ಪತ್ರ ಬರೆಯುವವರು, ನಿಮಗೆ ಶೀತವಾಗಿದೆಯಾ ಎಂದು ಕೇಳತೊಡಗಿದರು. ಕಾರ್ಯಕ್ರಮ ಭಾನುವಾರ ಬೆಳಗಿನ ಅರ್ಧ ಗಂಟೆಗೆ ಇಳಿದು, ಆಮೇಲೆ ನಿಂತೇ ಹೋಯಿತು. ಈಗ ನನ್ನನ್ನು ಕರೆಯುವುದು ಅಂಗಡಿ ಉದ್ಘಾಟನೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ. ರಿಬ್ಬನ್ನು ಕತ್ತರಿಸುತ್ತೇನೆ, ಕೈ ಬೀಸುತ್ತೇನೆ. ಹಾಡಿ ಅಂದರೆ ಅಕ್ಕನ ಹಳೆಯ ಹಾಡನ್ನು ಪೆನ್‌ಡ್ರೈವಿನಿಂದ ಹಾಕಿಸಿ ತುಟಿ ಆಡಿಸುತ್ತೇನೆ. ನಾಚಿಕೆ ಅನ್ನುವುದು ಮೊದಮೊದಲು ಬರುತ್ತಿತ್ತು.

ಹೋದ ಆಯುಧಪೂಜೆಗೆ ಹೊಸೂರಿನ ಹೊರಗಿನ ಒಂದು ಕಾರ್ಖಾನೆಯವರು ಕರೆದಿದ್ದರು. ಎಲ್ಲಿ, ಯಾವುದು ಎಂದು ನಾನು ವಿಚಾರಿಸಲಿಲ್ಲ. ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಬಸ್ಸುಗಳಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದಾಗಿತ್ತು. ಶಾಮಿಯಾನದಡಿ ನೀಲಿ ಕೋಟಿನ ಹೆಂಗಸರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಮ್ಯಾನೇಜರು ನನ್ನ ಬಗ್ಗೆ ತಮಿಳಿನಲ್ಲಿ ಎರಡು ಒಳ್ಳೆಯ ಮಾತಾಡಿ ಮೈಕು ಕೊಟ್ಟರು. ಹಾಡು ಹಾಕಿದರು. ಎರಡನೇ ಚರಣಕ್ಕೆ ಬಂದಾಗ ಮೂರನೇ ಸಾಲಿನಲ್ಲಿ ಅಕ್ಕ ಕೂತಿರುವುದು ಕಂಡಿತು.

ತೆಳ್ಳಗಾಗಿದ್ದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು. ಅವಳದೇ ದನಿ ದೊಡ್ಡ ಸ್ಪೀಕರುಗಳಿಂದ ಅವಳ ಮೇಲೆ ಬೀಳುತ್ತಿತ್ತು, ನನ್ನ ತುಟಿ ಅದಕ್ಕೆ ತಕ್ಕಂತೆ ಆಡುತ್ತಲೇ ಇತ್ತು. ನಿಲ್ಲಿಸಬಹುದಿತ್ತು. ಸುತ್ತಲಿದ್ದ ಹೆಂಗಸರು ಚಪ್ಪಾಳೆ ತಟ್ಟಿದಾಗ ಅವಳೂ ತಟ್ಟಿದಳು.

ಆಮೇಲೆ ಪುರಿ, ಕಡಲೆ, ಬಾಳೆಹಣ್ಣು ಹಂಚಿದರು. ಹೆಂಗಸರು ಗುಂಪುಗುಂಪಾಗಿ ಬಂದು ಮಾತಾಡಿಸಿ ಹೋದರು. ಒಬ್ಬಳು, ಬಾಯಿ ತುಂಬಾ ಮಾತಿನವಳು, ಅಕ್ಕನ ರಟ್ಟೆ ಹಿಡಿದುಕೊಂಡು ನನ್ನ ಮುಂದೆ ತಂದು ನಿಲ್ಲಿಸಿದಳು.

“ನಿಮ್ ಹಾಡು ನಮ್ ಲೈನಲ್ಲಿ ಎಲ್ರೂ ಹಾಡ್ತೀವಿ ಮೇಡಂ. ಇವ್ಳೊಬ್ಳು ಬಾಯೇ ಬಿಡಲ್ಲ. ಎಷ್ಟು ಕೇಳ್ಕಂಡ್ರೂ ಒಂದ್ ಸಾಲು ಹಾಡಲ್ಲ. ನೀವಾದ್ರೂ ಹೇಳಿ.”

ಅಕ್ಕ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದಳು ಅಂತ ನನಗೆ ಈಗಲೂ ಅನ್ನಿಸುತ್ತದೆ. ಹತ್ತು ಹೆಂಗಸರು ಸುತ್ತ ನಿಂತಿದ್ದರು. ನಾನು ಒಂದು ಮಾತು ಹೇಳಿದ್ದರೆ ಆ ಹತ್ತು ಜನಕ್ಕಾದರೂ ಗೊತ್ತಾಗುತ್ತಿತ್ತು. ನಾನು ಸೆರಗಿನ ಪಿನ್ನು ಸರಿಮಾಡಿಕೊಂಡೆ.

“ನಂಗ್ ಹಾಡಕ್ ಬರಲ್ಲ ಬುಡಿ ಮೇಡಂ,” ಅಂದಳು ಕೊನೆಗೆ.

ಇಷ್ಟು ವರ್ಷ ಟಿವಿಯಲ್ಲಿ ಮಾತಾಡಿದ ನಾಲಿಗೆ, ತಾನಾಗಿಯೇ ಹೊರಳಿತು. “ಪರವಾಗಿಲ್ಲ, ಎಲ್ಲರಿಗೂ ಹಾಡಲು ಬರಲೇಬೇಕು ಅಂತೇನಿಲ್ಲ,” ಎಂದೆ, ಚೊಕ್ಕಟವಾದ ಕನ್ನಡದಲ್ಲಿ, ನಗುತ್ತಾ.

“ಹೌದು ಮೇಡಂ,” ಅಂದು ಅಕ್ಕ ಪುರಿಯ ಪೊಟ್ಟಣ ತೆಗೆದುಕೊಂಡು ತನ್ನ ಸಾಲಿಗೆ ಹೋದಳು.