ಎಲ್ಲಕ್ಕಿಂತ ಎತ್ತರದ ಕಂಬ

ಪಕ್ಕದ ಫ್ಲ್ಯಾಟಿನ ಮಿಕ್ಸರ್ ಬೆಳಗ್ಗೆ ಗುರ್ರೆಂದಾಗಲೆಲ್ಲ ನನಗೆ ಮಗಳ ಆರನೆಯ ತರಗತಿಯ ವಿಜ್ಞಾನ ಪ್ರಯೋಗ ನೆನಪಾಗುತ್ತದೆ. ಚಟ್ನಿ ನೆನಪಾಗಬೇಕಾದ ಸದ್ದಿಗೆ ನಾಚಿಕೆ ನೆನಪಾಗುವುದು ನನ್ನೊಬ್ಬನಿಗೇ ಇರಬೇಕು.

ಬ್ಯಾಂಕಿನ ವರ್ಗಾವಣೆ ನಮ್ಮನ್ನು ದಾವಣಗೆರೆಯಿಂದ ವಡೋದರಾಕ್ಕೆ ತಂದಾಗ ಅವಳಿನ್ನೂ ತೊದಲುತ್ತಿದ್ದಳು. ಬೆಳೆದಂತೆ ಗುಜರಾತಿ, ಹಿಂದಿ ಸಲೀಸಾದವು. ಕನ್ನಡ ಮಾತ್ರ ಗಂಟಲಲ್ಲೇ ಉಳಿಯಿತು. ಬಿಟ್ಟೇನೇ ನಾನು? ಪ್ರತಿ ಭಾನುವಾರ ಪಾಠಕ್ಕೆ ಕೂರಿಸುತ್ತಿದ್ದೆ. ಬ್ಯಾಂಕಿನಲ್ಲಿ ನನ್ನದು ಮೆದು ಮಾತು ಎಂದು ಹೆಸರು. ಅದನ್ನು ನಾನೂ ನಂಬಿದ್ದೆ.

ಅವಳ ಪ್ರಯೋಗ 'ನಮ್ಮ ಮನೆಯ ಸದ್ದುಗಳು'. ಅಮ್ಮನ ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ತಿಂಗಳಿಡೀ ಓಡಾಡಿದಳು. ಕೊನೆಗೆ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅವಳು ಅಂಕಿ ಓದಿದಳು, ನಾನು ಸ್ಪ್ರೆಡ್‌ಶೀಟಿನಲ್ಲಿ ತುಂಬಿದೆ. ಕುಕ್ಕರ್, ಮಿಕ್ಸರ್, ಕೆಳಗಿನ ಗರ್ಬಾ ಕುಣಿತದ ಸ್ಪೀಕರ್. ಆಮೇಲೆ "ಕನ್ನಡ" ಎಂದಳು.

ಭಾಷೆಗೆಲ್ಲಿಯ ಸದ್ದು ಎಂದು ನಗುತ್ತಲೇ ತುಂಬಿ, ಚಾರ್ಟ್ ಮಾಡಿದೆ. ಕಂಬಗಳು ಎದ್ದು ನಿಂತವು. ಕನ್ನಡದ್ದು ಗರ್ಬಾವನ್ನೂ ಮೀರಿತ್ತು.

"ಇದೆಲ್ಲೋ ತಪ್ಪಿದೆ."

"ತಪ್ಪಿಲ್ಲ ಪಪ್ಪಾ. ಸಂಡೇ ಆಪ್ ಪಢಾತೇ ಹೋ ನಾ, ಕನ್ನಡ ಪಾಠ? ಆಗ ಮೊಬೈಲ್ ಟೇಬಲ್ ಮೇಲೇ ಇತ್ತು. ಎಲ್ಲಾ ಸಂಡೇದು ಆವರೇಜ್."

ದೂರುವ ದನಿಯಲ್ಲ, ಕುಕ್ಕರಿನ ಬಗ್ಗೆ ಹೇಳಿದಂತೆಯೇ ಹೇಳಿದಳು. ಅದೇ ಹೆಚ್ಚು ಚುಚ್ಚಿತು. ಆ ಸಾಲನ್ನು ಅಳಿಸಲು ಹೋದೆ. "ಟೀಚರ್ ನೋಡಿದ್ರೆ ಏನಂತಾರೆ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಬಿಡ್ರೀ, ಪಕ್ಕದ ಮನೆಯವ್ರಿಗೆಲ್ಲ ಗೊತ್ತಿರೋದು ಟೀಚರ್‌ಗೂ ಗೊತ್ತಾಗ್ಲಿ" ಎಂದಳು.

ಬೆರಳು ತೆಗೆದೆ.

ಶಾಲೆಯ ಪ್ರದರ್ಶನದಲ್ಲಿ ಯಾರದೋ ತಾಯಿ ಆ ಕಂಬ ತೋರಿಸಿ, "ಆ ಕನ್ನಡ ಶು ಛೇ?" ಎಂದು, ಈ ಕನ್ನಡ ಎಂದರೇನೆಂದು, ಕೇಳಿದರು. "ಅಮಾರಿ ಭಾಷಾ" ಎಂದಳು ಮಗಳು. ನಮ್ಮ ಭಾಷೆ. ಅಷ್ಟೇ, ಪಕ್ಕದಲ್ಲೇ ಇದ್ದ ನನ್ನತ್ತ ಕೈ ತೋರಿಸಲಿಲ್ಲ. ನಾನು ನನ್ನ ಶೂಗಳನ್ನು ನೋಡುತ್ತ ನಿಂತೆ.

ಭಾನುವಾರದ ಪಾಠ ಅಲ್ಲಿಗೆ ನಿಂತಿತು. ನಿಲ್ಲಿಸಿದ್ದೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಮೆಲ್ಲಗೆ ಕಲಿಸಬಹುದಿತ್ತು ಎಂಬುದು ಹೊಳೆಯುವಷ್ಟರಲ್ಲಿ ಅವಳು ಕಾಲೇಜು ಸೇರಿದ್ದಳು. ನನ್ನ ನಿಜವಾದ ನಾಚಿಕೆ ಇದೇ, ನಿಮಗೆ ಹೇಳುತ್ತಿದ್ದೇನೆ.

ಈಗ ಅಹಮದಾಬಾದಿನ ಹಾಸ್ಟೆಲಿನಲ್ಲಿದ್ದಾಳೆ. ಇಂದು ಮಧ್ಯಾಹ್ನ ಮೆಟ್ರೋದಿಂದ ಫೋನು ಮಾಡಿದಳು.

"ಪಪ್ಪಾ, ನೀವು ಊಟ ಮಾಡಿದಳಾ?"

ತುಟಿಯವರೆಗೆ ಬಂದ ತಿದ್ದುಪಡಿಯನ್ನು ನುಂಗಿಕೊಂಡೆ. "ಮಾಡಿದೆ ಮಗಳೇ. ನೀನು?"

"ಕೇಳಿಸ್ತಿಲ್ಲ ಪಪ್ಪಾ, ಥೋಡಾ ಜೋರಾಗಿ ಹೇಳಿ."