ತಗ್ಗಿ ಬಗ್ಗಿ ನಡೆದವರು

ರಸ್ತೆಯ ಮೇಲಿನ ಹೊಂಡಕ್ಕೆ ಬೆಂಗಳೂರಿನ ಪತ್ರಿಕೆಗಳು ಗುಂಡಿ ಎನ್ನುತ್ತವೆ. ನಮ್ಮ ಲಕ್ಷ್ಮೇಶ್ವರದ ಕಡೆ ಅದಕ್ಕೆ ತಗ್ಗು ಎಂದೇ ಹೆಸರು. ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದ ನನಗೆ ಒಂದು ಶಬ್ದ ಸಿಕ್ಕರೆ ಅದರ ಬಂಧುಬಳಗವನ್ನೆಲ್ಲ ಹುಡುಕುವ ಚಟ. ತಗ್ಗು, ತಗ್ಗುವುದು, ತಗ್ಗಿಸುವುದು, ಕೊನೆಗೆ ತಗ್ಗಿ ಬಗ್ಗಿ ನಡೆಯುವುದು! ವಿನಯವೆಂಬ ಸದ್ಗುಣಕ್ಕೂ ಗಾಡಿಯ ಅಚ್ಚು ಮುರಿಯುವ ಹೊಂಡಕ್ಕೂ ಒಂದೇ ಮೂಲ. ನೌಕರಿಯುದ್ದಕ್ಕೂ ನಾನು ಮಕ್ಕಳಿಗೆ ತಗ್ಗಿ ಬಗ್ಗಿ ನಡೆಯಿರೆಂದು ಬೋಧಿಸಿದೆ. ಮಕ್ಕಳು ಕಲಿತರೋ ಇಲ್ಲವೋ, ಜಿಲ್ಲೆಯ ರಸ್ತೆಗಳು ಮಾತ್ರ ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿವೆ.

ನೀವು ನಗುತ್ತಿರಬಹುದು. ನನಗೆ ಮೈಯೆಲ್ಲ ಉರಿಯುತ್ತಿದೆ.

ನನ್ನ ಅಕ್ಕ ಗಂಗಕ್ಕ ಇರುವುದು ಮುಂಡರಗಿಯ ಆಚೆಗಿನ ಹಿರೇವಡ್ಡಟ್ಟಿಯಲ್ಲಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈ ಪಳಗಿದ್ದು. ಅವಳ ಎಡಗಣ್ಣು ಎಂದೋ ಹೋಗಿತ್ತು. ಈ ಮಳೆಗಾಲದಲ್ಲಿ ಬಲಗಣ್ಣಿನೊಳಗಿನ ಪರದೆಯೂ ಕಿತ್ತು ಬಂತು. ಗದಗಿಗೆ ಕರೆತಂದು ಆಪರೇಶನ್ ಮಾಡಿಸಿದೆವು. ಪರದೆ ಅಂಟಿಕೊಳ್ಳಲು ಹದಿನೈದು ದಿನ ಹಗಲಿರುಳು ತಲೆ ತಗ್ಗಿಸಿಯೇ ಇರಬೇಕು, ಮೈ ಕುಲುಕಬಾರದು, ಪರದೆ ಇನ್ನೊಮ್ಮೆ ಕಿತ್ತರೆ ಆ ಕಣ್ಣಿನ ಆಸೆ ಬಿಡಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದರು.

ಮೈ ಕುಲುಕಬಾರದಂತೆ! ಗದಗ ಜಿಲ್ಲೆಯಲ್ಲಿ! ಮುಂಡರಗಿಯ ದಾರಿ ಬರುವಾಗಲೇ ಅವಳನ್ನು ಜರಡಿ ಹಿಡಿದಂತೆ ಅಲ್ಲಾಡಿಸಿತ್ತು. ಹಾಗಾಗಿ ಅಕ್ಕನನ್ನು ಲಕ್ಷ್ಮೇಶ್ವರದ ನಮ್ಮ ಮನೆಗೇ ಕರೆದೊಯ್ಯುವುದೆಂದಾಯಿತು. ಯಾವ ದಾರಿ ಒಳ್ಳೆಯದೆಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತು ವಿಚಾರಿಸಿದೆ. ಶಿರಹಟ್ಟಿಯವರು ಸೊರಟೂರಿನ ದಾರಿಯನ್ನು ಹೊಗಳಿದರು, ಸೊರಟೂರಿನವರು ಶಿರಹಟ್ಟಿಯ ದಾರಿಯನ್ನು ಹೊಗಳಿದರು. ಒಟ್ಟಿನಲ್ಲಿ ತಾವು ಓಡಾಡದ ರಸ್ತೆಯ ಮೇಲೆ ಎಲ್ಲರಿಗೂ ಅಪಾರ ಗೌರವ. ನನಗೆ ಸೊರಟೂರು, ಯಳವತ್ತಿಯ ದಾರಿಯ ಮೇಲೆ ಭರವಸೆ. ಅದಕ್ಕೆ ನಾಚಿಕೆಗೇಡಿನ ಕಾರಣವೊಂದಿದೆ. ಎರಡು ವರ್ಷದ ಹಿಂದೆ ಆ ಕಡೆ ಡಾಂಬರು ಹಾಕಿದ ಗುತ್ತಿಗೆದಾರರಿಗೆ ಸನ್ಮಾನವಾದಾಗ ಮಾನಪತ್ರ ಬರೆದವನು ನಾನೇ. 'ಊರೂರುಗಳ ಹೃದಯಗಳನ್ನು ಬೆಸೆದ ಮಾರ್ಗಶಿಲ್ಪಿ' ಎಂದು ಏರುದನಿಯಲ್ಲಿ ಓದಿ, ನಾನೂ ಒಂದು ಶಾಲು ಹೊದಿಸಿಕೊಂಡು ಮನೆಗೆ ಬಂದಿದ್ದೆ. ಶಾಲು ಇನ್ನೂ ಗಟ್ಟಿಯಾಗಿದೆ. ಡಾಂಬರು ಎರಡನೆಯ ಮಳೆಗೇ ಎದ್ದುಹೋಗಿದೆ, ಅದು ತಿಳಿದದ್ದು ಆ ದಿನ.

ನಮ್ಮ ಓಣಿಯ ಖಾದರಸಾಬ ತನ್ನ ಬಾಡಿಗೆ ಕಾರು ತಂದಿದ್ದ. ಅಕ್ಕ ಮಡಿಲಲ್ಲಿ ತಾನೇ ಹೊಲಿದ ಕೌದಿಯನ್ನು ಮಡಚಿಟ್ಟುಕೊಂಡು ಅದರಲ್ಲಿ ಮುಖ ಹುದುಗಿಸಿ ಕೂತಳು. ಪುಣ್ಯಾತ್ಮ ಖಾದರಸಾಬ, ತುಂಬಿದ ಹಾಲಿನ ಪಾತ್ರೆ ಒಯ್ಯುವವನಂತೆ ಗಾಡಿ ನಡೆಸುತ್ತ, ಪ್ರತಿಯೊಂದು ತಗ್ಗು ಬರುವ ಮೊದಲೇ ಅಕ್ಕನಿಗೆ ಕೂಗಿ ಹೇಳುತ್ತಿದ್ದ. ಅವಳು ಉಸಿರು ಬಿಗಿಹಿಡಿದು ಸೀಟನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಸೊರಟೂರು ದಾಟುವ ಹೊತ್ತಿಗೆ ಕೂಗಿ ಕೂಗಿ ಅವನ ಗಂಟಲು ಒಣಗಿತ್ತು. ಯಳವತ್ತಿಯ ಆಚೆ ಮಳೆನೀರು ನಿಂತು ರಸ್ತೆ ಸಪಾಟಾಗಿ ಕಂಡ ಕಡೆ ಅವನು ಕೂಗಲಿಲ್ಲ. ಮುಂದಿನ ಗಾಲಿ ಅರ್ಧದವರೆಗೆ ಮುಳುಗಿತು. ಅಕ್ಕನ ತಲೆ ಮೇಲಕ್ಕೆ ಜಿಗಿದು ಹಣೆ ಮೊಣಕಾಲಿಗೆ ಬಡಿಯಿತು.

ಖಾದರಸಾಬ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದ.

"ತಮ್ಮಾ, ಅರ್ಧ ಕಣ್ಣಾಗ ಕತ್ತಲಿ ಬಂದಂಗಾತು" ಎಂದಳು ಅಕ್ಕ.

ಖಾದರಸಾಬ ನೀರೊಳಗೆ ತಗ್ಗು ಇದ್ದದ್ದು ಕಾಣಲೇ ಇಲ್ಲವೆಂದು ಹಣೆ ಹಣೆ ಬಡಿದುಕೊಂಡ. ಮತ್ತೆ ಗದಗಿಗೆ ಹೋಗಲೇಬೇಕಿತ್ತು, ಅವೇ ತಗ್ಗುಗಳನ್ನು ಇನ್ನೊಮ್ಮೆ ಇಳಿದು ಹತ್ತಿ. ಡಾಕ್ಟರು ಕಣ್ಣು ನೋಡಿ, ಪರದೆ ಕಿತ್ತಿದೆ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ತಲೆ ಎತ್ತಿದಿರಾ?

"ಹೌದ್ರಿ. ಗಾಡಿ ಜಿಗಿದಾಗ ಎತ್ತಿಬಿಟ್ಟೆ. ನಂದ ತಪ್ಪಾತ್ರಿ" ಎಂದಳು ಅಕ್ಕ.

ಡಾಕ್ಟರು ಅದನ್ನೇ ಬರೆದುಕೊಂಡರು. ನಾನು ರಸ್ತೆಯ ವಿಷಯ ತೆಗೆದರೆ ಅದನ್ನು ಬರೆಯಲು ಆ ಕಾಗದದಲ್ಲಿ ಜಾಗವಿಲ್ಲವೆಂದರು. ಡಾಂಬರು ನುಂಗಿದವನಿಗೆ ಅಲ್ಲಿ ಜಾಗವಿಲ್ಲ, ನುಂಗಿದ್ದನ್ನು ನೋಡಿಯೂ ಸಹಿ ಹಾಕಿದವನಿಗೆ ಇಲ್ಲ, ಮಾನಪತ್ರ ಬರೆದ ಮಹಾಶಯನಿಗಂತೂ ಇಲ್ಲವೇ ಇಲ್ಲ. ಕಾಗದದ ಮೇಲೆ ಉಳಿದದ್ದು ತಲೆ ಎತ್ತಿದ ಒಬ್ಬ ಹೆಂಗಸು ಮಾತ್ರ. ಥೂ, ಇದೂ ಒಂದು ನ್ಯಾಯವೇ?

ಎರಡನೆಯ ಆಪರೇಶನ್ ಆಯಿತು. ಈಗ ಅವಳಿಗೆ ಬೆಳಕು ತಿಳಿಯುತ್ತದೆ, ಬಾಗಿಲಲ್ಲಿ ಯಾರೋ ನಿಂತದ್ದು ತಿಳಿಯುತ್ತದೆ, ಯಾರೆಂಬುದು ತಿಳಿಯುವುದಿಲ್ಲ. ಇಷ್ಟೇ ಎಂದು ಡಾಕ್ಟರು ಹೇಳಿಹೋದ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ವಾರ್ಡಿನಲ್ಲಿದ್ದ ರೋಗಿಗಳೆಲ್ಲ ಎದ್ದು ಕೂರುವಂತೆ ಆ ರಸ್ತೆ ಮಾಡಿದವರ ವಂಶವನ್ನೆಲ್ಲ ಜಾಲಾಡಿದೆ. ತಲಿ ಎತ್ತಿದ್ದು ನಿನ್ನ ತಪ್ಪಲ್ಲಕ್ಕಾ, ತಗ್ಗು ಬಿಟ್ಟವರದು ತಪ್ಪು ಎಂದು ಕೂಗಿದೆ. ಅಕ್ಕ ದಿಂಬಿನಲ್ಲಿ ಮುಖವಿಟ್ಟುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಳು.

"ಖರೆ ಐತಿ ತಮ್ಮಾ" ಎಂದಳು. "ಆದ್ರ ನನಗ್ಯಾಕ ಹೇಳ್ತಿ? ಶಾಲು ಹೊದ್ಕೊಂಡು ಅವರ ಮುಂದ ನಿಂತಾಗ ಏನಂದಿ?"

ನಾನು ತಲೆ ತಗ್ಗಿಸಿದೆ. ಅಕ್ಕನಿಗೆ ಅದು ಕಾಣಲಿಲ್ಲ.