ಬೆನ್ನು ತೋರಿಸಿದ ಮೇಲೆ

ಯಾರ ಧ್ವನಿಯನ್ನಾದರೂ ಸ್ವಲ್ಪ ಹೊತ್ತು ಕೇಳಿದರೆ ಸಾಕು, ಅದು ನನ್ನ ಗಂಟಲಿಗೆ ಬಾಡಿಗೆಗೆ ಬಂದುಬಿಡುತ್ತದೆ. ಸುರಪುರ ಬಸ್‌ಸ್ಟ್ಯಾಂಡಿನ ಕಂಟ್ರೋಲರು, ಶಹಾಪುರದ ಕಾಲೇಜಿನಲ್ಲಿ ಆಕಳಿಕೆಗಳ ನಡುವೆ ಪಾಠ ಮಾಡುತ್ತಿದ್ದ ನಮ್ಮ ಸರ್, ನೆಗಡಿಯಾದಾಗಿನ ನಮ್ಮವ್ವ, ಎಲ್ಲರೂ ಅಲ್ಲಿ ಸಂಸಾರ ಹೂಡಿದ್ದಾರೆ. ಈ ಬೇಸಿಗೆಯಲ್ಲಿ ಇನ್ನೊಬ್ಬರು ಸೇರಿಕೊಂಡರು: ಪುಣೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಮೇಡಂ. ಬೆಣ್ಣೆಯಿಂದ ಕೂದಲು ತೆಗೆದಂಥ ಧ್ವನಿ. ಅವರನ್ನು ಮಾತ್ರ ಮೊನ್ನೆಯವರೆಗೂ ನಾನು ಯಾರೆದುರಿಗೂ ಮಾಡಿ ತೋರಿಸಿರಲಿಲ್ಲ.

ಊರವರನ್ನೆಲ್ಲ ಅಣಕಿಸಿಕೊಂಡು ತಿರುಗುವವನಿಗೆ ಭಾಷಾವಿಜ್ಞಾನ ಓದಬೇಕೆನಿಸುವುದು, ಕೋತಿಗೆ ಸಸ್ಯಶಾಸ್ತ್ರ ಓದಬೇಕೆನಿಸಿದಂತೆ. ಆದರೂ ಅನಿಸಿತು. ಎರಡು ಕಡೆ ಎಂ.ಎ.ಗೆ ಅರ್ಜಿ ಹಾಕಿದೆ; ಎರಡೂ ಕಡೆ ಸೀಟು ಸಿಕ್ಕಿತು. ಹೈದರಾಬಾದಿನವರು ಕೊಟ್ಟ ಫೀಸು ರಿಯಾಯಿತಿ, ಕಾಯಿಪಲ್ಲೆ ಕೊಂಡ ಮೇಲೆ ಅವ್ವ ಕೊಸರಾಗಿ ಕಿತ್ತುಕೊಳ್ಳುವ ಕೊತ್ತಂಬರಿಯಷ್ಟು. ಪುಣೆಯವರು ಅರ್ಧ ಫೀಸನ್ನೇ ಬಿಟ್ಟರು. ನನಗೆ ಬೇಕಾಗಿದ್ದದ್ದೂ ಪುಣೆಯೇ. ಅಲ್ಲಿಯ ಪ್ರಯೋಗಾಲಯದಲ್ಲಿ ಮನುಷ್ಯನ ಮಾತು ಗೆರೆಗೆರೆಯಾಗಿ ಪರದೆಯ ಮೇಲೆ ಓಡುತ್ತದಂತೆ. ನನ್ನ ಗಂಟಲಿನ ಬಾಡಿಗೆದಾರರನ್ನೆಲ್ಲ ಒಮ್ಮೆ ಅಲ್ಲಿ ಸಾಲಾಗಿ ನಿಲ್ಲಿಸಿ ನೋಡುವ ಆಸೆ ನನಗೆ. ಉಳಿದರ್ಧ ಫೀಸನ್ನು ಅಪ್ಪ ಹೇಗೋ ಹೊಂದಿಸುತ್ತೇನೆಂದ. ಹಾಸ್ಟೆಲ್ಲಿನ ಖರ್ಚಿಗೆ ಮಾತ್ರ ಅಪ್ಪ ಆಕಾಶ ನೋಡಿದ.

ಅಂದಮೇಲೆ ಚೌಕಾಸಿ ಮಾಡಬೇಕು. ಚೌಕಾಸಿಗೆ ನಮ್ಮ ಮನೆತನದಲ್ಲಿ ಒಬ್ಬನೇ ವಿದ್ವಾಂಸ, ಅವ್ವನ ತಮ್ಮ ನಿಂಗಪ್ಪ ಮಾವ. ಕೆಂಭಾವಿ ಸಂತೆಯಲ್ಲಿ ಕುರಿ ದಲಾಲಿ. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಯ ಮೇಲೆ ಟವೆಲ್ಲು ಹೊದಿಸಿ, ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಮೇಲೆ ಮುಖಗಳು ಮಳೆಯ ಬಗ್ಗೆ ಮಾತಾಡುತ್ತಿರುತ್ತವೆ, ಕೆಳಗೆ ಬೆರಳುಗಳು ಜಗಳಾಡುತ್ತಿರುತ್ತವೆ. ಜಗತ್ತಿನ ರಾಯಭಾರಿಗಳನ್ನೆಲ್ಲ ಒಂದು ವಾರ ನಮ್ಮ ಸಂತೆಗೆ ತರಬೇತಿಗೆ ಕಳಿಸಬೇಕೆಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಜಗತ್ತು ಕೇಳಿಲ್ಲ.

"ಅಳಿಯಾ, ಮೊದಲ್ನೇ ರೇಟಿಗಿ ಹೂಂ ಅಂದಾವ ಸಂತ್ಯಾಗ ಬಾಳೇ ಮಾಡಂಗಿಲ್ಲ ನೋಡು. ಹೈದರಾಬಾದಿನವ್ರೂ ಕರ್‍ಯಾಕತ್ತಾರ ಅಂತ ಬರಿ," ಎಂದ ಮಾವ.

ಬರೆದೆ. ಮೇಡಂ ಫೋನ್ ಮಾಡಿ, ಹಾಸ್ಟೆಲ್ಲಿನದರಲ್ಲೂ ಸ್ವಲ್ಪ ಬಿಡುತ್ತೇವೆ, ಇದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದರು. ಅಷ್ಟಕ್ಕೆ ಅಪ್ಪನ ಮುಖ ಆಕಾಶದಿಂದ ನೆಲಕ್ಕಿಳಿಯಿತು. ಹೇಗೋ ಆಗುತ್ತದೆ ಎಂದ. ಮಾವ ತೊಡೆ ತಟ್ಟಿದ.

"ಬಗ್ಗ್ಯಾರ! ಈಗ ಬೆನ್ನ ತೋರ್ಸು. ಬ್ಯಾಡ ಅಂತ ಬರದು ಸುಮ್ಮ ಕುಂದ್ರು. ಹಿಂದಿಂದ ಕರೀತಾರ. ಕರೀಲಿಲ್ಲಂದ್ರ ನನ್ನ ಹೆಸರs ನಿಂಗಪ್ಪ ಅಲ್ಲ."

ಸಂತೆಯಲ್ಲಿ ಇದು ಕೊನೆಯ ಅಸ್ತ್ರ. ಒಲ್ಲೆ ಎಂದು ತಿರುಗಿ ನಡೆಯಬೇಕು. ಕುರಿಯವನು ಕೂಗುವಷ್ಟು ಹತ್ತಿರವೂ ಇರಬೇಕು, ಹೋಗಿಯೇಬಿಟ್ಟ ಎಂದು ಹೆದರುವಷ್ಟು ದೂರವೂ ಇರಬೇಕು. ಮಾವನ ಬೆನ್ನು ಈ ವಿದ್ಯೆಯಲ್ಲಿ ಎಷ್ಟು ಪಳಗಿದೆಯೆಂದರೆ ಅದು ನಡೆಯುತ್ತಲೇ ಮಾತಾಡುತ್ತದೆ. ನಾನೂ ನನ್ನ ಬೆನ್ನನ್ನು ಇ-ಮೇಲಿನಲ್ಲಿ ಹಾಕಿ ಕಳಿಸಿದೆ: "ಈ ದರದಲ್ಲಿ ನನಗೆ ನಿಮ್ಮ ಸೀಟು ಬೇಡ. ನಮಸ್ಕಾರ."

ಕಾದೆವು. ಫೋನನ್ನು ಅವ್ವ ದೇವರ ಮಾಡದಲ್ಲಿ, ದೀಪದ ಪಕ್ಕ ಇಟ್ಟಳು. ಅದು ಒಮ್ಮೆ ಗುಂಯ್ ಎಂದಿತು. "ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ. ಸೀಟನ್ನು ಕಾಯುತ್ತಿದ್ದ ಮುಂದಿನ ವಿದ್ಯಾರ್ಥಿಗೆ ನೀಡಲಾಗಿದೆ. ಶುಭವಾಗಲಿ."

ನಾನು ಫೋನ್ ಮಾಡಿದೆ. ಬೇಡಿಕೊಂಡೆ. ಬೇಡ ಅಂದದ್ದು ಬೇಕು ಅನ್ನುವುದಕ್ಕೇ ಮೇಡಂ, ನಮ್ಮ ಕಡೆ ಹಾಗೇ ಎಂದೆ. ಅವರು ಅದೇ ಬೆಣ್ಣೆಯ ಧ್ವನಿಯಲ್ಲಿ ಮತ್ತೊಮ್ಮೆ ಶುಭ ಹಾರೈಸಿದರು. ನನ್ನ ಬದುಕಿನಲ್ಲಿ ನನ್ನ ಮಾತನ್ನು ತಮಾಷೆ ಎಂದುಕೊಳ್ಳದೆ ಪೂರ್ತಿ ನಂಬಿದವರು ಅವರೊಬ್ಬರೇ.

"ಒಮ್ಮಿ ಬೆನ್ನ ತಿರುವಿದ್ದಕ್ಕ ಕೊಟ್ಟೇಬಿಟ್ರಾ? ಇದೆಂಥಾ ಸಂತಿಲೇ!" ಎಂದ ಮಾವ, ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ಹೈದರಾಬಾದಿನ ಗಡುವು ನಾವು ಪುಣೆಯ ಕರೆಗೆ ಕಾಯುತ್ತ ಕೂತಾಗಲೇ ಮುಗಿದಿತ್ತು. ಮುಂದಿನ ವರ್ಷ ಮತ್ತೆ ಹಾಕು ಅನ್ನುತ್ತಾರೆ ಎಲ್ಲರೂ. ಮುಂದಿನ ವರ್ಷ ಸೊಸೆಯನ್ನು ತರಬೇಕೆಂಬ ದನಿಯಲ್ಲಿ ಅವ್ವ ಆಗಲೇ ಮಾತಾಡುತ್ತಿದ್ದಾಳೆ. ಆ ದನಿಯ ಅಣಕು ನನಗೆ ಬರುತ್ತದೆ, ನಗು ಬರುವುದಿಲ್ಲ.

ಮೊನ್ನೆ ನಾನೇ ಸಂತೆಗೆ ಹೋದೆ. ವ್ಯಾಪಾರ ಮುಗಿಸಿ ಮಾವ ಹೊರಟಿದ್ದ. ಪಕ್ಕದಲ್ಲೇ ನಡೆದೆ. ನನ್ನತ್ತ ನೋಡದೆಯೇ ಕೇಳಿದ: "ಆ ಪುಣೇದಾಕಿ ಹೆಂಗ ಮಾತಾಡ್ತಿದ್ಲಲೇ?"

ಮಾಡಿ ತೋರಿಸಿದೆ. ನಿರ್ಧಾರ, ಗೌರವ, ಶುಭ.

"ಅದಲ್ಲ. ಕರದಿದ್ರ ಹೆಂಗ ಕರೀತಿದ್ಲು, ಅದನ್ನ ಮಾಡು."

ಕೇಳಿದ್ದನ್ನು ಅಣಕಿಸಬಲ್ಲೆ, ಕೇಳದ್ದನ್ನು ಹೇಗೆ? ಆದರೂ ನಿಂತೆ. ಮಾವ ನಡೆಯುತ್ತಲೇ ಇದ್ದ. ಆ ಪಳಗಿದ ಬೆನ್ನನ್ನು ನೋಡುತ್ತ ಮೇಡಂ ಧ್ವನಿಯಲ್ಲಿ ಕೂಗಿದೆ: "ಬರ್ರೀ ಸರ್, ತಿರುಗಿ ಬರ್ರಿ! ಹಾಸ್ಟೆಲ್ ಖರ್ಚ ನಮ್ಮ ಕಡೀನs ಇರ್ಲಿ!"

ಮಾವ ಗಕ್ಕನೆ ತಿರುಗಿದ. ಒಂದು ಗಳಿಗೆ ಅವನ ಮುಖದಲ್ಲಿ ನನಗೆ ಸೀಟು ಸಿಕ್ಕೇಬಿಟ್ಟಿತ್ತು.

ಹತ್ತಿರ ಬಂದು, ಹೆಗಲ ಟವೆಲ್ಲನ್ನು ನನ್ನ ಕೈಮೇಲೆ ಹಾಕಿ, ಕೆಳಗೆ ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದುಕೊಂಡ. ಬಿಡಲಿಲ್ಲ. ಮೇಲೆ ಮಳೆಯ ಬಗ್ಗೆ ಏನೋ ಅಂದ. ದಲಾಲಿಗಳ ಲೆಕ್ಕದಲ್ಲಿ ಐದು ಬೆರಳಿಗೆ ಏನೋ ಒಂದು ದರವಿದೆ. ನಾನು ಕೇಳಲಿಲ್ಲ. ಮೊದಲನೇ ರೇಟಿಗೇ ಹೂಂ ಅಂದೆ.